ಪಾತ್ರ ನಂಬುವಂತಿರಬೇಕಾದರೆ

ಕತೆ ಬರೆಯುವಾಗ ಪಾತ್ರದ ಎತ್ತರ, ಬಣ್ಣ, ಉಡುಪು ಆಮೇಲೆ. ಮೊದಲು ಎರಡು ಸಾಲು ಬರೆದುಕೊಳ್ಳಿ: ಈ ವ್ಯಕ್ತಿಗೆ ಈಗ ಏನು ಬೇಕು, ಅದಕ್ಕೆ ಅಡ್ಡ ಬರುವ ಅವರದೇ ಸ್ವಭಾವ ಯಾವುದು. ‘ಸುಖವಾಗಿರಬೇಕು’ ಎಂಬಂಥ ಆಸೆ ಕೆಲಸಕ್ಕೆ ಬರುವುದಿಲ್ಲ. ‘ಅಣ್ಣನ ಸಾಲ ತೀರಿಸಬೇಕು, ಆದರೆ ಯಾರ ಮುಂದೆಯೂ ಕೈಚಾಚಲಾರಳು’ ಎಂದರೆ ದೃಶ್ಯ ತಾನಾಗಿ ಹುಟ್ಟುತ್ತದೆ.

ಗುಣವನ್ನು ಹೆಸರಿಸಬೇಡಿ, ಪಾತ್ರವೇ ಮಾಡಿ ತೋರಿಸಲಿ. ‘ಅವಳು ಸ್ವಾಭಿಮಾನಿ’ ಎಂಬ ಸಾಲನ್ನು ಹೊಡೆದುಹಾಕಿ. ಗೆಳತಿ ಕೊಟ್ಟ ಹಣವನ್ನು ಮೇಜಿನ ಮೇಲೇ ಬಿಟ್ಟು ಎದ್ದವಳು, ಬಾಗಿಲ ಬಳಿ ಒಮ್ಮೆ ತಿರುಗಿ ನೋಡಲಿ. ಆ ನೋಟವೇ ಮುಖ್ಯ. ಹಣ ಅವಳಿಗೆ ಎಷ್ಟು ಅಗತ್ಯವಾಗಿತ್ತೆಂದು ಓದುಗರೇ ಕಂಡುಕೊಳ್ಳುತ್ತಾರೆ.

ಸಂಭಾಷಣೆಯಿಂದ ‘ಎಂದಳು’, ‘ಎಂದ’ಗಳನ್ನೆಲ್ಲ ತೆಗೆದು ಗಟ್ಟಿಯಾಗಿ ಓದಿ. ಯಾರ ಮಾತೆಂದು ತಿಳಿಯದಿದ್ದರೆ ಎಲ್ಲರೂ ಲೇಖಕರ ದನಿಯಲ್ಲೇ ಮಾತಾಡುತ್ತಿದ್ದಾರೆ. ಒಬ್ಬರಿಗೆ ತುಂಡು ವಾಕ್ಯ ಕೊಡಿ, ಇನ್ನೊಬ್ಬರು ಪ್ರಶ್ನೆಗೆ ಪ್ರಶ್ನೆಯನ್ನೇ ಹಾಕಲಿ.

ಹಿನ್ನೆಲೆಯನ್ನು ಹತ್ತು ಪುಟ ಬರೆದಿಟ್ಟುಕೊಂಡರೂ, ಈಗಿನ ನಿರ್ಧಾರಕ್ಕೆ ಕಾರಣವಾಗುವಷ್ಟನ್ನು ಮಾತ್ರ ಕತೆಗೆ ತನ್ನಿ.

ಬಹಳಷ್ಟು ಕತೆಗಳು ಎಡವುವುದು ಕೊನೆಗೆ: ಮುಕ್ತಾಯಕ್ಕೆ ಬೇಕೆಂದು ಪಾತ್ರ ದಿಢೀರನೆ ಬದಲಾಗಿಬಿಡುತ್ತದೆ. ಅಂಥ ತಿರುವಿನ ಸುಳಿವನ್ನು ಹಿಂದಿನ ಎರಡು ದೃಶ್ಯಗಳಲ್ಲಾದರೂ, ಬೇರೆ ಬೇರೆ ನೆಪದಲ್ಲಿ, ಮೊದಲೇ ಇಟ್ಟಿರಬೇಕು.