ಐದು ಕಡ್ಡಿಯಿಂದ ಹದಿನೇಳಕ್ಕೆ

ಭಾವನ ಎಡಗೆನ್ನೆಯ ಕ್ಯಾನ್ಸರ್ ಆಪರೇಷನ್ ಆಗಿ, ರೇಡಿಯೇಷನ್ನೂ ಮುಗಿಸಿ ತೀರ್ಥಹಳ್ಳಿ ಕಡೆಯ ಮನೆಗೆ ಕರೆತಂದಾಗ ಅವರ ದವಡೆ ಬಿಗಿದು, ಮೇಲಿನ ಕೆಳಗಿನ ಹಲ್ಲಿನ ನಡುವೆ ಒಂದರ ಮೇಲೊಂದು ಹಿಡಿಸುತ್ತಿದ್ದದ್ದು ಐದು ಐಸ್‌ಕ್ರೀಮ್ ಕಡ್ಡಿ. ಕಡ್ಡಿ ಹೆಚ್ಚಿಸುತ್ತಾ ಬಾಯಿ ತೆರೆಸುತ್ತೇನೆ ಅಂದರೆ, ನೋಡಲು ಬಂದವರೆಲ್ಲ "ಇನ್ನು ಗಂಜಿಯೇ ಗತಿ, ಸುಮ್ಮನೆ ಯಾಕೆ ಹಿಂಸೆ ಕೊಡ್ತೀಯ" ಅಂದರು. ಈಗ ಹದಿನೇಳು ಹಿಡಿಸುತ್ತೆ. ಅಂದವರಲ್ಲಿ ಇಬ್ಬರು ಮೊನ್ನೆ ಬಂದು ತಾವೇ ಎಣಿಸಿಕೊಂಡು ಹೋದರು.

ಮೂಗಿನ ಪೈಪಿನ ದಿನಗಳೇ ಕಷ್ಟದವು. ಎರಡು ಗಂಟೆಗೊಮ್ಮೆ ಇನ್ನೂರು ಎಂಎಲ್. ಮಿಕ್ಸಿಯಲ್ಲಿ ತಿರುವಿದ ರಾಗಿ ಮಣ್ಣಿ ಸರಾಗ ಇಳಿಯುತ್ತಿತ್ತು. ಜುಲೈ ಮಳೆಗೆ ನಾಲ್ಕು ದಿನ ಕರೆಂಟಿಲ್ಲ. ಅಕ್ಕ ಒರಳಲ್ಲಿ ರುಬ್ಬಿದಳು, ಪೈಪು ಕಟ್ಟಿತು. ನಾನು ಸಿರಿಂಜು ಒತ್ತಿದೆ, ಇನ್ನಷ್ಟು ಬಿಗಿಯಿತು. ರಾತ್ರಿ ಹನ್ನೊಂದಕ್ಕೆ ಶಿವಮೊಗ್ಗಕ್ಕೆ ಓಡಿದ್ದು, ಕಾರಿಗೇ ಎರಡೂವರೆ ಸಾವಿರ. ಆಮೇಲೆ ಹಳೇ ಪಂಚೆಯಲ್ಲಿ ಎರಡು ಸಲ ಸೋಸದೆ ಒಂದು ಹನಿ ಬಿಟ್ಟಿಲ್ಲ, ಮತ್ತೆ ಕಟ್ಟಲೂ ಇಲ್ಲ.

ತೊಡೆಯ ಚರ್ಮ ಮಾಂಸ ತಂದು ಕೆನ್ನೆಯೊಳಗೆ ಹೊಲಿದಿದ್ದರು. ಶುರುವಿನಲ್ಲಿ ಬಾಯೊಳಗೇ ತೊಡೆಯ ಕೂದಲು ಚಿಗುರಿತು! ರೇಡಿಯೇಷನ್ನಿಗೆ ಉದುರಿತು ಬಿಡಿ.

ದವಡೆ ತೆರೆಸುವ ಫಾರಿನ್ ಉಪಕರಣಕ್ಕೆ ಮೂವತ್ತು ಸಾವಿರದ ಮೇಲೆ ಅಂದರು. ನಮ್ಮ ಆಚಾರಿಯ ಹತ್ತಿರ ಹಲಸಿನ ಮರದ ತಿರುಪು ಮಾಡಿಸಿದೆ, ಬುಗುರಿಯ ಹಾಗೆ ಚೂಪು. ಭಾರವೆಲ್ಲ ಎದುರಿನ ಎರಡು ಹಲ್ಲಿಗೇ ಬಿದ್ದು ಒಂದು ಅಲ್ಲಾಡತೊಡಗಿತು. ಡಾಕ್ಟರ ಹತ್ತಿರ ಬೈಸಿಕೊಂಡೆ. ಕಡ್ಡಿಗೇ ವಾಪಸ್ಸು. ಐವತ್ತರ ಕಟ್ಟಿಗೆ ನಲವತ್ತೋ ಐವತ್ತೋ ರೂಪಾಯಿ, ಒಂದು ಕಡ್ಡಿ ಹೆಚ್ಚುಕಮ್ಮಿ 2 ಮಿ.ಮೀ. ನೋವಿನ ಸಿರಪ್ ಕೊಟ್ಟು ಅರ್ಧ ಗಂಟೆ ಬಿಟ್ಟು ಕೂರಿಸುತ್ತಿದ್ದೆ, ದಿನಕ್ಕೆ ಐದು ಸಲ. ಹೊಸ ಕಡ್ಡಿ ಯಾವಾಗಲೂ ಕಟ್ಟಿನ ನಡುವೆ. ಅದನ್ನು ಗೊತ್ತಾಗದ ಹಾಗೆ ತೂರಿಸುವ ಕೈಚಳಕ ಬರೆದು ಹೇಳುವಂಥದ್ದಲ್ಲ, ಮನೆಗೆ ಬಂದರೆ ತೋರಿಸುತ್ತೇನೆ. ಹತ್ತು, ಹನ್ನೊಂದಕ್ಕೆ ಬಂದು ತಿಂಗಳಿಡೀ ನಿಂತುಬಿಟ್ಟಿತ್ತು. ಭಾವ ಒಂದಿನ ಕಡ್ಡಿಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿದರು. ಮಾರನೇ ದಿನ ಹೊಸ ಕಟ್ಟು ತಂದೆ.

ಆಪರೇಷನ್ ಆರೋಗ್ಯ ಕಾರ್ಡಿನಲ್ಲಿ ಆಯಿತು. ಓಡಾಟ, ಲಾಡ್ಜು, ಪ್ರೋಟೀನ್ ಪುಡಿ ಅಂತ ಒಂದೂವರೆ ಲಕ್ಷದ ಹತ್ತಿರ ಕೈಯಿಂದ ಹೋಯಿತು, ಮೂರು ಕ್ವಿಂಟಲ್ ರಾಶಿ ಅಡಿಕೆಯ ದುಡ್ಡು. ಕವಳ (ಎಲೆಅಡಿಕೆ) ಹಾಕಿ ಬಂದ ಕಾಯಿಲೆ ಅದು. ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ನಮ್ಮೂರಲ್ಲಿ ಇದನ್ನು ಗಟ್ಟಿಯಾಗಿ ಹೇಳುವ ಹಾಗಿಲ್ಲ.

ಹೋದ ವಾರ ಭಾವ ಕಡುಬು ಕೇಳಿದರು. ಅಕ್ಕ ಸಾರಿನಲ್ಲಿ ನೆನೆಸಿ ಕೊಟ್ಟಳು. ಅರ್ಧ ಕಡುಬಿಗೆ ಮುಕ್ಕಾಲು ಗಂಟೆ, ಎಡಗಡೆ ಸೋರುವುದನ್ನು ಟವೆಲಿನಿಂದ ಒರೆಸಿಕೊಳ್ಳುತ್ತಾ ತಿಂದರು. "ಎಂತ ಮಾರಾಯ, ನಿನ್ನ ಅಕ್ಕ ಉಪ್ಪೇ ಹಾಕಲಿಲ್ಲ." ಉಪ್ಪು ಸರಿಯಾಗೇ ಇತ್ತು. ಅವರ ನಾಲಗೆಗೆ ರುಚಿ ಇನ್ನೂ ಪೂರ್ತಿ ಬಂದಿಲ್ಲ. ಹದಿನೆಂಟನೇ ಕಡ್ಡಿಯೂ ಎರಡು ವಾರದಿಂದ ಸತಾಯಿಸುತ್ತಿದೆ.