ಓ2 ಹಾಕಿದಾಗ ಮಾತ್ರ ಬರೋ ವಾರ್ನಿಂಗು, ನನ್ನ ಅನುಭವ

ನಮ್ಮ ಸಿ ಕೋಡು ಓ0 ದಲ್ಲಿ, ಅಂದ್ರೆ ಕಂಪೈಲರ್ ಕೋಡನ್ನ ವೇಗ ಮಾಡೋಕೆ (ಆಪ್ಟಿಮೈಜ್) ಹೋಗದ ಲೆವೆಲ್ಲಲ್ಲಿ, ಒಂದೂ ವಾರ್ನಿಂಗ್ ಇಲ್ದೆ ಕಂಪೈಲ್ ಆಗ್ತಿತ್ತು, ಹೆಚ್ಚು ಆಪ್ಟಿಮೈಜ್ ಮಾಡೋ ಓ2 ಹಾಕಿದ ತಕ್ಷಣ ಜಿಸಿಸಿ ಕಂಪೈಲರ್ 'ಲೆನ್' (ಡೇಟಾದ ಉದ್ದ) ಅನ್ನೋ ವೇರಿಯಬಲ್ಲಿಗೆ ಬೆಲೆ ಸಿಗದೇ ಇರಬಹುದು ಅನ್ನೋಕೆ ಶುರು ಮಾಡ್ತು, ವಾರ್ನಿಂಗನ್ನೆಲ್ಲ ಎರರ್ ಮಾಡೋ ಫ್ಲ್ಯಾಗ್ ಇದ್ದಿದ್ರಿಂದ ಬಿಲ್ಡೇ ನಿಂತೋಯ್ತು.

ಕೋಡ್ ಸರಿಯಾಗೇ ಇತ್ತು. ಹೆಡರ್ ಓದೋ ಫಂಕ್ಷನ್ನು ಗೆದ್ರೆ ಲೆನ್ ತುಂಬಿ ಟ್ರೂ ಕೊಡುತ್ತೆ, ಸೋತ್ರೆ ಫಾಲ್ಸ್, ಕರೆದವ್ರು ಆ ಉತ್ತರಾನ 'ಓಕೆ' ಅಂತ ಇಟ್ಕೊಂಡು, ಮಧ್ಯೆ ಒಂದು ಲೂಪ್ ಓಡಿಸಿ, ಆಮೇಲೆ ಓಕೆ ಇದ್ರೆ ಮಾತ್ರ ಲೆನ್ ಮುಟ್ತಾರೆ. ಓ0 ದಲ್ಲಿ ಜಿಸಿಸಿ ಇಷ್ಟು ಆಳಕ್ಕೆ ವೇರಿಯಬಲ್ಲಿನ ಜಾಡು ಹಿಡಿಯೋದೇ ಇಲ್ಲ. ಓ2 ದಲ್ಲಿ ಆ ಫಂಕ್ಷನ್ನು ಇನ್‌ಲೈನ್ ಆಗಿ, ಅಂದ್ರೆ ಕರೆದ ಜಾಗಕ್ಕೇ ಅದರ ಕೋಡು ಬಂದು ಸೇರಿ, ಒಳಗಿನ ದಾರಿಗಳೆಲ್ಲ ಕಾಣ್ಸುತ್ತೆ, ಆದ್ರೆ ಓಕೆಗೂ ಲೆನ್‌ಗೂ ಇರೋ ಸಂಬಂಧ ಲೂಪ್ ದಾಟೋ ಹೊತ್ತಿಗೆ ಕೈತಪ್ಪಿ ಹೋಗಿರುತ್ತೆ, ಆಗ ನಿಜವಾಗಿ ಯಾವತ್ತೂ ನಡೆಯದ ದಾರಿ ಕೂಡ ಅದಕ್ಕೆ ನಡೆಯಬಹುದಾದ ದಾರಿನೇ. ಕ್ಲ್ಯಾಂಗ್ ಅನ್ನೋ ಇನ್ನೊಂದು ಕಂಪೈಲರ್ ಈ ಥರದ ವಾರ್ನಿಂಗನ್ನ ಆಪ್ಟಿಮೈಜ್ ಮಾಡೋಕೆ ಮುಂಚೆನೇ ನೋಡಿ ಮುಗಿಸುತ್ತೆ, ಅದಕ್ಕೆ ಅಲ್ಲಿ ಲೆವೆಲ್ ಬದಲಾಯ್ಸಿದ್ರೂ ಅದೇ ಉತ್ತರ.

ನಾನು ಮೊದಲು ಮಾಡಿದ್ದು ಆ ಫಂಕ್ಷನ್ನಿಗೆ, ಹಾಗೆ ಒಳಗೆ ಸೇರದಂತೆ ತಡೆಯೋ ನೋಇನ್‌ಲೈನ್ ಹಾಕಿ ನೋಡಿದ್ದು, ವಾರ್ನಿಂಗ್ ಹೋಯ್ತು, ಅಲ್ಲಿಗೆ ಮೂಲ ಎಲ್ಲಿದೆ ಅಂತ ಗೊತ್ತಾಯ್ತು. ಆದ್ರೂ ಸುಳ್ಳು ವಾರ್ನಿಂಗ್ ಅಂತ ತಕ್ಷಣ ತೀರ್ಮಾನ ಮಾಡ್ಲಿಲ್ಲ, ಫಂಕ್ಷನ್ನಿನ ಪ್ರತಿ ರಿಟರ್ನೂ ಕೂತು ಓದ್ದೆ, ಪ್ರೋಗ್ರಾಂ ಓಡುವಾಗ ಬೆಲೆ ಸಿಗದ ವೇರಿಯಬಲ್ ಬಳಸಿದ್ರೆ ಹಿಡಿಯೋ ವಾಲ್‌ಗ್ರೈಂಡಲ್ಲೂ ಟೆಸ್ಟ್ ಓಡಿಸ್ದೆ.

ಎಲ್ರೂ ಹೇಳೋದು ಲೆನ್‌ಗೆ ಸೊನ್ನೆ ಹಾಕಿ ಮುಗಿಸು ಅಂತ. ನಂಗೆ ಅದು ಸುತಾರಾಂ ಇಷ್ಟ ಇಲ್ಲ. ನಾಳೆ ಯಾರೋ ಲೆನ್ ತುಂಬದೇ ಟ್ರೂ ಕೊಡೋ ಹೊಸ ದಾರಿ ಸೇರಿಸ್ತಾರೆ ಅನ್ಕೊಳಿ, ಆಗ ಕಂಪೈಲರೂ ಸುಮ್ನಿರುತ್ತೆ ವಾಲ್‌ಗ್ರೈಂಡೂ ಸುಮ್ನಿರುತ್ತೆ, ಸೊನ್ನೆ ಉದ್ದದ ಡೇಟಾ ಸದ್ದಿಲ್ದೆ ಮುಂದೆ ಹೋಗ್ತಿರುತ್ತೆ. ಅದಕ್ಕೆ ಓಕೆ ಫಾಲ್ಸ್ ಆದ್ರೆ ಲೂಪಿಗೆ ಮುಂಚೆನೇ ರಿಟರ್ನ್ ಆಗೋ ಹಾಗೆ ಕೋಡ್ ತಿರುಗ್ಸಿದೆ, ಹೇಗೂ ಹೆಡರ್ರೇ ಸಿಗದಿದ್ರೆ ಆ ಲೂಪಿಂದ ಉಪಯೋಗ ಇರ್ಲಿಲ್ಲ. ನೋಇನ್‌ಲೈನ್ ತೆಗೆದು ಮತ್ತೆ ಓ2 ದಲ್ಲಿ ಬಿಲ್ಡ್ ಮಾಡ್ದೆ, ವಾರ್ನಿಂಗ್ ಬರ್ಲಿಲ್ಲ, ಓದೋರಿಗೂ ಕೋಡ್ ಸಲೀಸಾಯ್ತು.

ಹೀಗೆ ತಿರುಗ್ಸೋಕೆ ಆಗದೇ ಇರೋ ಕಡೆ ಪ್ರಾಗ್ಮಾ ಪುಶ್-ಪಾಪ್ (ಕೆಲವೇ ಸಾಲಿಗೆ ಕಂಪೈಲರ್ ಸೆಟ್ಟಿಂಗ್ ಬದಲಾಯ್ಸೋ ಸೂಚನೆ) ಒಳಗೆ ಆ ಒಂದು ವಾರ್ನಿಂಗ್ ಮಾತ್ರ ಆಫ್ ಮಾಡಿ ಯಾಕೆ ಅಂತ ಕಾಮೆಂಟ್ ಬರೀತೀನಿ. ಲಿನಕ್ಸ್ ಕರ್ನಲ್ಲಲ್ಲಿ 2020ರಲ್ಲಿ ಇದೇ ವಾರ್ನಿಂಗನ್ನ ಡೀಫಾಲ್ಟ್ ಬಿಲ್ಡಿಂದಾನೇ ತೆಗೆದ್ರು, ಅಷ್ಟು ದೊಡ್ಡ ಕೋಡಿಗೆ ಅದು ಸರಿ ಇರಬಹುದು, ನಮ್ಮಲ್ಲಿ ಮಾತ್ರ ಅದನ್ನ ಎರರ್ ಪಟ್ಟಿಯಿಂದಷ್ಟೇ ಹೊರಗಿಟ್ಟು ವಾರ್ನಿಂಗಾಗೇ ಉಳಿಸ್ಕೊಂಡಿದೀವಿ.