ಕಪಾಟಿನ ಸಾಲು ಬಿಡದೆ ಕೇಳುವುದು ಹೇಗೆ

ನನ್ನ ಕಪಾಟಿನಲ್ಲಿ ಎಲ್‌ಪಿ (ಹಳೆಯ ಗ್ರಾಮಫೋನ್ ತಟ್ಟೆ), ಕ್ಯಾಸೆಟ್, ಸಿಡಿ ಎಲ್ಲ ಸೇರಿ 240 ಆಲ್ಬಮ್‌ಗಳಿವೆ. ಆದರೆ ವರ್ಷಗಟ್ಟಲೆ ಕೇಳುತ್ತಿದ್ದದ್ದು ಅವೇ ಹದಿನೈದು. ಹೋದ ವರ್ಷ ಎಡತುದಿಯಿಂದ ಶುರುಮಾಡಿದೆ, ಈಗ 97ನೆಯದಕ್ಕೆ ಬಂದಿದ್ದೇನೆ. ನೀವೂ ಮಾಡುವುದಾದರೆ, ಇವತ್ತು ಯಾವುದು ಕೇಳಲಿ ಎಂದು ಮಾತ್ರ ಆರಿಸಲು ಹೋಗಬೇಡಿ. ಆರಿಸಲು ನಿಂತರೆ ಕೈ ತಾನಾಗಿ ಆ ಹದಿನೈದರ ಕಡೆಗೇ ಹೋಗುತ್ತದೆ. ಸಾಲಿನಲ್ಲಿ ಮುಂದೆ ಯಾವುದಿದೆಯೋ ಅದನ್ನೇ ತೆಗೆಯಿರಿ.

ಎಲ್‌ಪಿಯ ಒಂದು ಸೈಡ್ ಇಪ್ಪತ್ತು ನಿಮಿಷದ ಆಸುಪಾಸು. ದಿನಕ್ಕೆ ಒಂದೇ ಸೈಡ್ ಕೇಳಿದರೂ ಸಾಕು, ಆದರೆ ನಡುವೆ ಏಳಬಾರದು. ಕೇಳುವ ಮೊದಲು ತಟ್ಟೆ ತಿರುಗುತ್ತಿರುವಾಗಲೇ ಕಾರ್ಬನ್ ಬ್ರಷ್‌ನಿಂದ ಧೂಳು ತೆಗೆಯಿರಿ. ಇನ್ನೊಂದು ವಿಷಯ: ಸೈಡಿನ ಕೊನೆಯ ಹಾಡು ತುಸು ಒರಟಾಗಿ ಕೇಳಿಸಿದರೆ ಹಾಡನ್ನು ದೂರಬೇಡಿ. ತಟ್ಟೆ ನಿಮಿಷಕ್ಕೆ ಮೂವತ್ತಮೂರು ಸುತ್ತು ಚಿಲ್ಲರೆಯಂತೆ ಒಂದೇ ಸಮನೆ ತಿರುಗುತ್ತದೆ. ಒಳಗಿನ ಸುತ್ತುಗಳು ಚಿಕ್ಕವು, ಹಾಗಾಗಿ ಅಷ್ಟೇ ಹೊತ್ತಿನ ಸಂಗೀತ ಕಡಿಮೆ ಉದ್ದದ ಗೆರೆಯಲ್ಲಿ ಹಿಡಿಸಬೇಕಾಗುತ್ತದೆ.

ಹೆಚ್ಚು ಜೋಪಾನ ಬೇಕಾಗುವುದು ಕ್ಯಾಸೆಟ್‌ಗಳಿಗೆ. ಬಹಳ ಕಾಲ ಮುಟ್ಟದೆ ಇದ್ದದ್ದನ್ನು ನೇರವಾಗಿ ಪ್ಲೇ ಮಾಡಬೇಡಿ. ಒಮ್ಮೆ ಕೊನೆಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ. ಒಂದಕ್ಕೊಂದು ಅಂಟಿ ಕೂತ ಸುತ್ತುಗಳು ಸಡಿಲವಾಗುತ್ತವೆ. ಪ್ಲೇಯರ್‌ನಲ್ಲಿ ಟೇಪನ್ನು ಓದುವ ಭಾಗವಾದ ಹೆಡ್ ಅನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ನನ್ನ ಬಳಿ ಒಂದು ಪಿಟೀಲಿನ ಕ್ಯಾಸೆಟ್ ಇದೆ. ಧ್ವನಿ ಗೋಡೆಯಾಚೆಯಿಂದ ಬಂದಂತೆ ಮಂಕಾಗಿತ್ತು, ಟೇಪೇ ಕೆಟ್ಟಿದೆ ಎಂದುಕೊಂಡಿದ್ದೆ. ಬೆಳಕಿಗೆ ಹಿಡಿದು ನೋಡಿದರೆ ಟೇಪನ್ನು ಹೆಡ್‌ಗೆ ಒತ್ತಿ ಹಿಡಿಯುವ ಪುಟ್ಟ ಮೆತ್ತೆ ಉದುರಿಹೋಗಿತ್ತು, ಅಂಟು ಒಣಗಿ. ಸ್ಕ್ರೂ ಬಿಚ್ಚಿ, ಎರಡೂ ಸುರುಳಿಗಳನ್ನು ಬೇರೊಂದು ಖಾಲಿ ಕ್ಯಾಸೆಟ್‌ನ ಡಬ್ಬಿಗೆ ಕೂರಿಸಿದೆ. ಕಮಾನು ತಂತಿಗೆ ತಾಗುವ ಸದ್ದು ಕೇಳಿದಾಗ ಕಣ್ಣು ತುಂಬಿತು.

ಸಿಡಿಯನ್ನು ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ವೃತ್ತಾಕಾರದಲ್ಲಿ ಬೇಡ. ಅಡ್ಡಗೀರನ್ನು ಪ್ಲೇಯರ್ ತಿದ್ದಿಕೊಂಡು ಓದುತ್ತದೆ; ಸಂಗೀತ ದಾಖಲಾದ ಸುತ್ತುಗೆರೆಯ ಗುಂಟ ಬಿದ್ದ ಗೀರಿಗೆ ಅದು ಸೋಲುತ್ತದೆ. ಹೆಸರು ಅಚ್ಚಾದ ಮೇಲ್ಮೈಯನ್ನು ಇನ್ನೂ ಹುಷಾರಾಗಿ ಹಿಡಿಯಿರಿ, ಹೊಳೆಯುವ ಪದರ ಇರುವುದು ಅದರ ಕೆಳಗೇ.

ಒಂದೇ ಆಲ್ಬಮ್‌ನ ಹಳೆಯ ಪ್ರತಿ, ಹೊಸ ರಿಮಾಸ್ಟರ್ (ಧ್ವನಿಯನ್ನು ಮತ್ತೆ ಹದಗೊಳಿಸಿ ತಂದ ಪ್ರತಿ) ಎರಡೂ ಇದ್ದರೆ ಹೋಲಿಸುವ ಮುನ್ನ ವಾಲ್ಯೂಮ್ ಸರಿಹೊಂದಿಸಿ. ಜೋರಾಗಿರುವುದು ಕಿವಿಗೆ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಹಾಡುವ ದನಿ ಎರಡರಲ್ಲೂ ಒಂದೇ ಮಟ್ಟಕ್ಕೆ ಬಂದ ಮೇಲೆ, ಎಷ್ಟೋ ಸಲ ನನಗೆ ಹಳೆಯದೇ ಹಿಡಿಸಿದೆ.

ಪಕ್ಕದಲ್ಲೊಂದು ನೋಟ್‌ಬುಕ್ ಇರಲಿ. ತಾರೀಖು, ಆಲ್ಬಮ್, ಒಂದು ಸಾಲು. ನಕ್ಷತ್ರ, ಅಂಕ ಕೊಡಬೇಡಿ. ‘ಸೈಡ್ ಬಿ ಮೂರನೆಯದು, ತಂಬೂರಿ ಒಂದೇ ಉಳಿಯುವ ಜಾಗ’ ಎಂದು ನಾನು ಬರೆದದ್ದು ಇವತ್ತಿಗೂ ಆ ಜಾಗಕ್ಕೆ ಕರೆದೊಯ್ಯುತ್ತದೆ.

ಬೇಡವೆನಿಸಿದ್ದನ್ನು ಕೂಡಲೇ ಕೊಟ್ಟುಬಿಡಬೇಡಿ. ಬೇರೆ ಪೆಟ್ಟಿಗೆಯಲ್ಲಿಟ್ಟು ತಿಂಗಳ ನಂತರ, ಬೇರೆ ಹೊತ್ತಿನಲ್ಲಿ, ಸೈಡ್ ಬಿಯಿಂದ ಶುರುಮಾಡಿ ಕೇಳಿ. ನನ್ನ ಪೆಟ್ಟಿಗೆಗೆ ಹೋದ 11ರಲ್ಲಿ ಏಳು ಕಪಾಟಿಗೆ ವಾಪಸು ಬಂದಿವೆ.